ಡ್ರೈವಿಗೆ ಬಾರದ ನೀರು

ಕಪ್ಪಾದ ಗಿಯರ್ ಎಣ್ಣೆ ಬಕೆಟ್ಟಿಗೆ ಸುರಿಯುತ್ತಿತ್ತು. ಸುಟ್ಟ ವಾಸನೆಗೆ ಮಾರ್ಲಿಸ್ ಮುಖ ಕಿವುಚಿದಳು. ಈ ಬೇಸಿಗೆಯಲ್ಲಿ ಹೀಗೆ ಬೆಂದುಹೋದ ಮೂರನೆಯ ಡ್ರೈವ್ ಇದು.

ಮಿಸೌರಿಯ ಒಂದು ಸರೋವರದ ದಂಡೆಯಲ್ಲಿ ರೇಸಿನ ದೋಣಿ ಸಜ್ಜುಮಾಡುವವರ ನಡುವೆ ಅವಳ ಕೈಗೆ ಹೆಸರಿತ್ತು. ದೋಣಿಯ ಹಿಂದೆ ತೂಗುತ್ತ ಪ್ರೊಪೆಲ್ಲರ್ ತಿರುಗಿಸುವ ಗಿಯರ್ ಪೆಟ್ಟಿಗೆಯೇ ಡ್ರೈವ್. ವೇಗ ಏರಿ ದೋಣಿ ಮೇಲೆದ್ದಾಗ ಅದರ ತಲೆ ನೀರಿನಿಂದ ಹೊರಬೀಳುತ್ತದೆ. ಆಗ ಕೊಳವೆಯಿಂದ ಸರೋವರದ ನೀರು ಅದರ ಮೇಲೆ ಸುರಿಯುತ್ತಲೇ ಇರಬೇಕು. ಆ ಕೊಳವೆಗಳನ್ನು ಜೋಡಿಸಿದವಳು ಅವಳೇ. ಮೊದಲ ಸಲ ಕೆಟ್ಟಾಗ ಪೈಪು ಬದಲಿಸಿದಳು. ಎರಡನೆಯ ಸಲ ನೀರೆಳೆಯುವ ಬಾಯಿಯನ್ನೇ ಹಿಗ್ಗಿಸಿದಳು. ದಂಡೆಯಲ್ಲಿ ಪರೀಕ್ಷಿಸಿದಾಗಲೆಲ್ಲ ನೀರು ಧೋ ಎಂದು ಬರುತ್ತಿತ್ತು. ಓಟಕ್ಕಿಳಿದರೆ ಮಾತ್ರ ಡ್ರೈವ್ ಸುಡುತ್ತಿತ್ತು. ಯೋಚಿಸಿ ಯೋಚಿಸಿ ಅವಳಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಗಿತ್ತು.

ಸಂಜೆಯ ಓಟಕ್ಕೆಂದು ಬೇರೆ ಡ್ರೈವ್ ಕೂಡಿಸಿ, ಎಂಜಿನ್ ಇರುವ ಗುಂಡಿಯೊಳಕ್ಕೆ ಬಗ್ಗಿದಳು. ಅದುರಾಟಕ್ಕೆ ತಿರುಗಿದರೆ ತಿಳಿಯಲೆಂದು ಬೆಳಿಗ್ಗೆ, ಕೊಳವೆಗೆ ನೀರು ಬಿಡುವ ವಾಲ್ವಿನ ಹಿಡಿಗೂ ಮೈಗೂ ಸೇರಿಸಿ ಹಳದಿ ಬಣ್ಣದ ಗೆರೆ ಎಳೆದಿದ್ದಳು. ವಾಲ್ವ್ ಪೂರ್ತಿ ತೆರೆದೇ ಇತ್ತು, ಆದರೆ ಗೆರೆ ಒಡೆದಿತ್ತು. ಅದುರಿ ಮುಚ್ಚಿಕೊಂಡಿದ್ದರೂ ತಾನಾಗಿ ಮತ್ತೆ ತೆರೆದುಕೊಳ್ಳುವುದೆಂತು? ಬೆಳಿಗ್ಗೆಯ ಓಟದಲ್ಲಿ ದೋಣಿಯಲ್ಲಿದ್ದವನು ಅದನ್ನು ಓಡಿಸುವ ಅವಳ ತಮ್ಮ ಡೆಲ್ಬರ್ಟ್ ಒಬ್ಬನೇ.

ಅವನು ಕರಿದ ಮೀನಿನ ತಟ್ಟೆ ಹಿಡಿದು ಬಂದ.

"ತಿನ್ನೇ ಮಾರ್ಲಿ, ಆರಿಹೋಗುತ್ತೆ."

"ಡೆಲ್, ಈ ವಾಲ್ವ್ ಮುಟ್ಟಿದ್ಯಾ?"

"ನಾನ್ಯಾಕ್ ಮುಟ್ಲಿ? ನಿನ್ನ ಕೊಳಾಯಿ ಮುಟ್ಟಿದ್ರೆ ಕೈ ಕತ್ತರಿಸ್ತೀಯ."

ಅವಳು ನಗದೆ ಒಡೆದ ಬಣ್ಣ ತೋರಿಸಿದಳು. ಅವನು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ.

"ಹೋಗ್ವಾಗ ಮುಚ್ಚಿದ್ದೆ. ನಿಂತ ದೋಣೀನ ಎಳ್ಕೊಂಡು ಹೋಗೋರು ಬರೋಷ್ಟ್ರಲ್ಲಿ ತೆರೆದಿಟ್ಟೆ."

"ಮೂರೂ ಸಲ?"

"ಹೂಂ."

"ನನ್ನ ಮೇಲೆ ಸಿಟ್ಟಾ?"

"ಥೂ, ಇಲ್ಲ ಕಣೇ. ವೇಗ ನೂರೈವತ್ತು ಮೈಲಿ ದಾಟಿದ್ರೆ ಕೈ ನಡುಗುತ್ತೆ. ಈ ವರ್ಷ ಶುರುವಾಗಿದ್ದು. ಎಣ್ಣೆ ಕಾದು ಕೆಂಪು ದೀಪ ಹತ್ಕೊಂಡ್ರೆ ನಿಲ್ಲಿಸ್ಬಹುದು. ಯಾರೂ ಏನೂ ಕೇಳಲ್ಲ."

"ಆ ವೇಗದಲ್ಲಿ ಗಿಯರ್ ಕಚ್ಕೊಂಡ್ರೆ ದೋಣಿ ಪಲ್ಟಿ ಹೊಡೀತಿತ್ತಲ್ಲೋ! ಸತ್ತೇ ಹೋಗ್ತಿದ್ದೆ!"

"ಗೊತ್ತು."

"ಗೊತ್ತಿದ್ದೂ? ಹೆದರಿಕೆ ಅಂತ ಒಂದ್ಮಾತು ಹೇಳೋಕಾಗ್ಲಿಲ್ವಾ?"

"ಅದೇ ಇದಕ್ಕಿಂತ ಕಷ್ಟ ಅನ್ನಿಸ್ತು. ಯಾಕೋ, ನಂಗೇ ತಿಳೀದು."

ತನ್ನ ಕೊಳವೆಗಳಲ್ಲಿ ದೋಷವಿರಲಿಲ್ಲ ಎಂಬ ನಿರಾಳವೇ ಮಾರ್ಲಿಸ್‌ಗೆ ಮೊದಲು ಬಂದದ್ದು. ಅದಕ್ಕೆ ಅವಳೇ ನಾಚಿದಳು. ಅವನ ಕೆನ್ನೆಗೆ ಬಾರಿಸಬೇಕೋ, ಅವನನ್ನು ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ದಂಡೆಯಲ್ಲಿ ನಿಂತು 'ಇನ್ನೂ ವೇಗ ಏರಿಸೋ' ಎಂದು ಪ್ರತಿ ಸಲವೂ ಗಂಟಲು ಹರಿಯುವಂತೆ ಕೂಗಿದವಳು ತಾನೇ.

ಧ್ವನಿವರ್ಧಕದಲ್ಲಿ ಅವರ ದೋಣಿಯ ಸಂಖ್ಯೆ ಕೇಳಿಸಿತು. ಡೆಲ್ಬರ್ಟ್ ಅಕ್ಕನ ಮುಖ ನೋಡಿದ. ಅವಳು ದೋಣಿ ಕಟ್ಟಿದ್ದ ಮರದ ಕಟ್ಟೆಯ ಅಂಚಿನಲ್ಲಿ ಕೂತಳು, ಅವನೂ ಪಕ್ಕದಲ್ಲಿ ಕೂತ. ಮತ್ತೊಮ್ಮೆ ಕೂಗಿದರು. ಇಬ್ಬರೂ ಏಳಲಿಲ್ಲ. ಆಮೇಲೆ ಬೇರೆಯವರ ಸಂಖ್ಯೆ ಬಂತು.

ಆ ದೋಣಿ ಅಬ್ಬರಿಸುತ್ತ ಹೊರಟಿತು, ಅದರ ಅಲೆ ಕಟ್ಟೆಯವರೆಗೂ ಬಂತು. ಅವರ ದೋಣಿ ಹೊಯ್ದಾಡಿ ಕಟ್ಟೆಯ ಮರದ ಕಡೆಗೆ ವಾಲಿತು. ಮಾರ್ಲಿಸ್ ಕೂತಲ್ಲಿಂದಲೇ ಕಾಲು ಚಾಚಿ, ಅದು ಬಡಿಯದ ಹಾಗೆ ಅಂಗಾಲಿನಿಂದ ಒತ್ತಿ ಹಿಡಿದಳು.