ಇನ್ಸ್‌ಪೆಕ್ಟರನ ರಕ್ತಪರೀಕ್ಷೆ

"ಹಲ್ಲು ಕೀಳೋಕಾಗಲ್ಲ," ಎಂದು ಡಾಕ್ಟರು ಕಾಗದವನ್ನು ತಿರುಗಿಸಿ ಇಬ್ಬರು ಹೆಂಗಸರ ಕಡೆಗೆ ತಳ್ಳಿದರು. "ಕಿಡ್ನಿ ಕೈಕೊಡ್ತಾ ಇದೆ. ಇಲ್ನೋಡಿ, ಕ್ರಿಯಾಟಿನಿನ್ ಎರಡರೊಳಗೆ ಇರ್ಬೇಕು, ಎರಡು ಪಾಯಿಂಟ್ ಎಂಟಿದೆ. ಯೂರಿಯಾ ಹತ್ತಿರಹತ್ತಿರ ಡಬಲ್. ಇದಕ್ಕೆ ಅನಸ್ತೇಸಿಯಾ ಕೊಟ್ರೆ ಮತ್ತೆ ಎದ್ದೇಳುತ್ತೆ ಅಂತ ನಾನು ಹೇಳಲಾರೆ."

ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬುಟ್ಟಿಯೊಳಗಿಂದ ಬೆಕ್ಕು ಹೊರಗೆ ನೋಡುತ್ತಿತ್ತು. ಹದಿನಾಲ್ಕು ವರ್ಷದ ಬೂದು ಗಂಡು. ಮನೆಗೆ ಬಂದ ಪ್ರತಿಯೊಂದು ಚೀಲಕ್ಕೂ ತಲೆ ತೂರಿಸಿ ತಪಾಸಣೆ ಮಾಡದೆ ಬಿಡುತ್ತಿರಲಿಲ್ಲವಾದ್ದರಿಂದ ಅದಕ್ಕೆ ಇನ್ಸ್‌ಪೆಕ್ಟರ್ ಎಂದೇ ಹೆಸರಾಗಿತ್ತು. ಈಗ ಬಲಗಡೆಯ ದವಡೆ ಊದಿ, ಬಾಯಿಯ ಅಂಚಿನಿಂದ ಜೊಲ್ಲು ಇಳಿದಿತ್ತು. ಒಂದು ತಿಂಗಳಲ್ಲಿ ನಾಲ್ಕೂವರೆ ಕಿಲೋದಿಂದ ಮೂರೂಕಾಲಿಗೆ ಬಂದಿತ್ತು.

"ಹಾಗಾದ್ರೆ ಊಟ?" ಎಂದಳು ಕಿರಿಯವಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಏನನ್ನಾದರೂ ಜೋರಾಗಿಯೇ ಕೇಳಿ ಅಭ್ಯಾಸ. "ನೋವಿಗೆ ತಿನ್ನೋದೇ ಬಿಟ್ಟಿದಾನೆ ಡಾಕ್ಟ್ರೇ."

"ಮೆತ್ತಗಿನದು ಕೊಟ್ಟು ನೋಡಿ. ನೋವಿನ ಔಷಧಿನೂ ಕಿಡ್ನಿಗೆ ಒಳ್ಳೇದಲ್ಲ, ಅದಕ್ಕೇ ಬರೀತಿಲ್ಲ. ಒಂದು ತಿಂಗಳು ಬಿಟ್ಟು ಇನ್ನೊಂದು ಟೆಸ್ಟ್ ಮಾಡೋಣ."

"ಒಂದು ತಿಂಗಳು ಇವನೇನು ಗಾಳಿ ಕುಡ್ಕೊಂಡಿರ್ತಾನಾ?"

ಡಾಕ್ಟರಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. "ವಯಸ್ಸಾಯ್ತಲ್ಲಮ್ಮ. ಬೆಕ್ಕಿಗೆ ಹದಿನಾಲ್ಕು ಅಂದ್ರೆ ಮನುಷ್ಯರಿಗೆ ಎಪ್ಪತ್ತು ದಾಟಿದ ಹಾಗೆ."

ಕಿರಿಯವಳ ಪಕ್ಕದಲ್ಲಿ ಕೂತಿದ್ದ ಅವಳ ದೊಡ್ಡಮ್ಮನಿಗೆ, ಅಂದರೆ ತಾಯಿಯ ಅಕ್ಕನಿಗೆ, ಎಪ್ಪತ್ತೊಂದು. ಅವಳು ಕತ್ತೆತ್ತಿ ಡಾಕ್ಟರನ್ನು ಒಮ್ಮೆ ನೋಡಿದಳು. "ಮೂತ್ರ ನೋಡಿದ್ರಾ?"

"ನೋಡೋಣ ಅಂತಲೇ ಇದ್ದೆ. ನಿನ್ನೆ ರಕ್ತ ತೆಗೆದಾಗ ಮೂತ್ರದ ಚೀಲದಲ್ಲಿ ಒಂದು ಹನಿನೂ ಇರ್ಲಿಲ್ಲ."

ದೊಡ್ಡಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದೊಳಗಿಟ್ಟುಕೊಂಡಳು.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡ ದೊಡ್ಡಮ್ಮ ದಾರಿಯಲ್ಲಿ ಎರಡು ಸಲ ಅದನ್ನು ಒತ್ತಿದಳು.

"ದೊಡ್ಡಮ್ಮ, ಕಾಲು ತೆಗಿ."

"ಲಾರಿ ಬಂತು."

"ಅದು ನಿಂತಿರೋ ಲಾರಿ!"

ಮನೆಯಲ್ಲಿ ಬೇಯಿಸಿದ ಮೀನನ್ನು ಅರೆದು ತಟ್ಟೆಗೆ ಹಾಕಿಟ್ಟರು. ಇನ್ಸ್‌ಪೆಕ್ಟರ್ ಬಂದು ಮೂಸಿತು. ಹಸಿವಿತ್ತು, ಅದು ಕಾಣುತ್ತಿತ್ತು. ಒಮ್ಮೆ ನೆಕ್ಕಿತು, ಎರಡನೇ ಸಲಕ್ಕೆ ತಲೆ ಕೊಡವಿ ಚೀರಿ, ಮುಂಗಾಲಿನಿಂದ ಕೆನ್ನೆ ಉಜ್ಜಿಕೊಳ್ಳುತ್ತ ಹಿಂದೆ ಸರಿಯಿತು. ಆಮೇಲೆ ತಟ್ಟೆಯಿಂದ ಒಂದು ಮಾರು ದೂರದಲ್ಲಿ, ತಟ್ಟೆಯನ್ನೇ ನೋಡುತ್ತ ಕೂತಿತು. ಒಂದು ತಿಂಗಳಲ್ಲ, ಇದು ಹತ್ತು ದಿನ ದಾಟುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಾಯಿತು.

ದೊಡ್ಡಮ್ಮ ಮೂವತ್ನಾಲ್ಕು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದವಳು. ಆಪರೇಷನ್ನಿಗೆ ಮೊದಲು ಬಾಯಿಗೆ ಏನೂ ಹೋಗಬಾರದು ಎನ್ನುವ ನಿಯಮಕ್ಕೆ ಆ ಆಸ್ಪತ್ರೆಯಲ್ಲಿ ಅವಳದೇ ಮುಖವಿತ್ತು. ಅವಳನ್ನು ಕಂಡರೆ ಸಾಕು, ರೋಗಿಗಳು ಕೇಳುವ ಮೊದಲೇ "ಏನೂ ಕುಡಿದಿಲ್ಲ ಸಿಸ್ಟರ್" ಎನ್ನುತ್ತಿದ್ದರು. ಅರ್ಧ ಲೋಟ ನೀರು ಕುಡಿದ ದೊಡ್ಡ ಮನುಷ್ಯನೊಬ್ಬನನ್ನು, ಸರ್ಜನ್ ಗ್ಲೌಸ್ ಹಾಕಿ ನಿಂತಿದ್ದ ಹಾಗೆಯೇ, ಮೇಜಿನಿಂದ ಇಳಿಸಿ ವಾರ್ಡಿಗೆ ಅಟ್ಟಿದ್ದಳು. ನಿವೃತ್ತಿಯ ದಿನ ಅವರಿವರು ಭಾಷಣದಲ್ಲಿ ಹೇಳಿದ್ದೂ ಅದನ್ನೇ.

ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಅವಳು ಮೇಲಿಂದ ಕೆಳಗೆ ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಕನ್ನಡಕ ತೆಗೆದಿಟ್ಟಳು.

"ಮೊನ್ನೆ ಕಾಂಪೌಂಡರ್ ಫೋನಲ್ಲಿ ಏನಂದ?"

"ರಾತ್ರಿಯಿಂದ ಊಟ ಕೊಡ್ಬೇಡಿ ಅಂದ. ನಿಂಗೂ ಹೇಳಿದ್ನಲ್ಲ."

"ಊಟ ಅಂದನಾ? ಏನೂ ಕೊಡ್ಬೇಡಿ ಅಂದನಾ?"

"ಊಟ. ಯಾಕೆ?"

"ನಾನು ನೀರೂ ಎತ್ತಿಟ್ಟೆ."

ತಂಗಿಯ ಮಗಳು ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. "ಯಾವಾಗ?"

"ಸಂಜೆ ಆರಕ್ಕೆ. ಬಟ್ಟಲು ಎತ್ತಿದೆ. ಬಚ್ಚಲುಮನೆ ಬಾಗಿಲು ಹಾಕಿದೆ. ಬಕೆಟ್ ಮೇಲೆ ತಟ್ಟೆ ಮುಚ್ಚಿದೆ. ಹೂಕುಂಡದ ಕೆಳಗಿನ ತಟ್ಟೇಲಿ ಒಂದಿಷ್ಟು ನಿಂತಿತ್ತು, ಅದನ್ನೂ ಚೆಲ್ಲಿದೆ."

"ಹೂಕುಂಡದ್ದೂ!"

"ಮಾಡೋದಾದ್ರೆ ಸರಿಯಾಗಿ ಮಾಡ್ಬೇಕು ಅಂತ." ದೊಡ್ಡಮ್ಮನ ದನಿ ಬದಲಾಗಲಿಲ್ಲ. "ಮಾರನೇ ದಿನ ನಮ್ಮ ಸರದಿ ಬಂದು ರಕ್ತ ತೆಗೆದಾಗ ಮಧ್ಯಾಹ್ನ ಒಂದು. ಹತ್ತೊಂಬತ್ತು ಗಂಟೆ. ಅದಕ್ಕೆ ಮುಂಚೆನೂ ಬಾಯಿನೋವಿಗೆ ಅವನು ಸರಿಯಾಗಿ ಕುಡೀತಿರ್ಲಿಲ್ಲ. ಇಲ್ಲಿ ಬಾ, ಇದನ್ನ ನೋಡು. ಡಾಕ್ಟ್ರು ಎರಡು ಸಾಲು ಮಾತ್ರ ನೋಡಿದ್ರು. ಪ್ರೋಟೀನೂ ಜಾಸ್ತಿ ಇದೆ. ಕೆಂಪು ಕಣನೂ ಜಾಸ್ತಿ. ಕಿಡ್ನಿ ಬಹಳ ದಿನದಿಂದ ಕೆಟ್ಟಿದ್ರೆ ರಕ್ತ ತೆಳುವಾಗ್ಬೇಕಿತ್ತು. ಇವನದು ಒಲೆ ಮೇಲೆ ಮರೆತುಬಿಟ್ಟ ಹಾಲಿನ ಹಾಗೆ ಗಟ್ಟಿಯಾಗಿದೆ. ನೀರಿಲ್ಲದೆ."

"ಮೂವತ್ನಾಲ್ಕು ವರ್ಷ ಸರ್ವಿಸ್ಸು," ಎಂದಳು ತಂಗಿಯ ಮಗಳು, ಒದ್ದೆ ಕೈಯನ್ನು ಸೊಂಟಕ್ಕೆ ಒತ್ತಿಕೊಂಡು.

"ಆ ಸರ್ವಿಸ್ಸೇ ಮಾಡಿದ್ದು ಇದು. ಬೈಯೋದಿದ್ರೆ ಆಮೇಲೆ ಬೈಯಿ. ಮೊದಲು ಸಿರಿಂಜ್ ತಂದುಕೊಡು, ಸೂಜಿ ಇಲ್ಲದ್ದು."

"ಅಂದ್ರೆ ಕಿಡ್ನಿಗೇನೂ ಆಗಿಲ್ವಾ?"

"ಗೊತ್ತಿಲ್ಲ. ಆಗಿದ್ರೂ ಆಗಿರಬಹುದು. ಇನ್ನೊಂದ್ಸಲ ರಕ್ತ ತೆಗೆಯದೆ ಯಾರಿಗೂ ಗೊತ್ತಾಗಲ್ಲ."

ಎರಡು ದಿನ ಆ ಮನೆ ವಾರ್ಡಾಯಿತು. ಫ್ರಿಜ್ಜಿನ ಬಾಗಿಲಿಗೆ ದೊಡ್ಡಮ್ಮ ಒಂದು ಪಟ್ಟಿ ಅಂಟಿಸಿದಳು: ಒಳಗೆ ಹೋದ ನೀರೆಷ್ಟು, ಹೊರಗೆ ಬಂದದ್ದೆಷ್ಟು, ಎಷ್ಟು ಗಂಟೆಗೆ. ನೋವಿಲ್ಲದ ಎಡಗಡೆಯಿಂದ, ತುಟಿ ಸರಿಸಿ, ಸಿರಿಂಜಿನಲ್ಲಿ ಒಂದೊಂದೇ ಗುಟುಕು. ಮೀನು ಬೇಯಿಸಿದ ನೀರನ್ನೂ ಸೋಸಿ ಕುಡಿಸಿದಳು. ಇನ್ಸ್‌ಪೆಕ್ಟರ್ ಮೊದಲು ಅವಳ ಮಣಿಕಟ್ಟನ್ನು ಗೀರಿತು, ಆಮೇಲೆ ಸಿರಿಂಜ್ ಕಂಡೊಡನೆ ತಾನೇ ಬಂದು ಕೂತಿತು. ಮೂರನೆಯ ಬೆಳಿಗ್ಗೆ, ಮಣ್ಣಿನ ಬದಲು ತೊಳೆದ ಸಣ್ಣ ಕಲ್ಲು ಹರಡಿಟ್ಟಿದ್ದ ಬೆಕ್ಕಿನ ಕಕ್ಕಸಿನ ತಟ್ಟೆಯಿಂದ ಮೂತ್ರವನ್ನು ಬಸಿದು ಬಾಟಲಿಗೆ ತುಂಬಿ, ಅದರ ಮೇಲೆ ಪ್ಲಾಸ್ಟರ್ ಅಂಟಿಸಿ, ರೋಗಿಯ ಹೆಸರು, ತಾರೀಖು, ಹೊತ್ತು ಬರೆದಳು.

ಕ್ಲಿನಿಕ್ಕಿನ ತುಂಬ ಜನ. ಡಾಕ್ಟರು ಅವಳನ್ನು ನೋಡಿ ಹುಬ್ಬೇರಿಸಿದರು. "ಒಂದು ತಿಂಗಳು ಅಂದಿದ್ನಲ್ಲಮ್ಮ."

"ಇವತ್ತೇ ಇನ್ನೊಂದ್ಸಲ ರಕ್ತ ತೆಗೀಬೇಕು."

"ಅದನ್ನ ಹೇಳೋಕೆ ನೀವೇನು ಡಾಕ್ಟರಾ?"

"ಅಲ್ಲ. ತಪ್ಪು ಮಾಡಿದವಳು."

ನಾಯಿಗಳನ್ನು ಹಿಡಿದು ಕೂತಿದ್ದವರೆಲ್ಲ ಇತ್ತ ತಿರುಗಿದರು. ಬಾಗಿಲು ಹಾಕಿ ಎಂದು ಅವಳು ಕೇಳಲಿಲ್ಲ. ನಿಂತುಕೊಂಡೇ, ವಾರ್ಡಿನ ರಿಪೋರ್ಟ್ ಒಪ್ಪಿಸುವ ಹಾಗೆ, ಬಟ್ಟಲು, ಬಕೆಟ್, ಹೂಕುಂಡದ ತಟ್ಟೆ, ಹತ್ತೊಂಬತ್ತು ಗಂಟೆ, ಎಲ್ಲವನ್ನೂ ಹೇಳಿದಳು. ತಾನು ಎಲ್ಲಿ ಎಷ್ಟು ವರ್ಷ ಕೆಲಸ ಮಾಡಿದವಳು ಎನ್ನುವುದನ್ನೂ ಬಿಡಲಿಲ್ಲ. ಆಮೇಲೆ ಹಳೆಯ ಕಾಗದವನ್ನು ಬಿಡಿಸಿ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ ಪ್ರೋಟೀನು, ಕೆಂಪು ಕಣದ ಎರಡು ಸಾಲು ತೋರಿಸಿದಳು.

ಡಾಕ್ಟರು ಅದನ್ನು ಓದುವಷ್ಟು ಹೊತ್ತೂ ಪೆನ್ನು ಮುಟ್ಟಲಿಲ್ಲ. "ನೀರು ಕೊಟ್ಟಿದ್ರಾ ಅಂತ ನಾನು ಕೇಳ್ಬೇಕಿತ್ತು," ಎಂದರು.

"ಕೇಳ್ಬೇಕಿತ್ತು," ಎಂದು ದೊಡ್ಡಮ್ಮ ಒಪ್ಪಿಕೊಂಡಳು.

ಅವರು ಬಾಟಲಿಯಿಂದ ಒಂದು ಹನಿ ತೆಗೆದು ಮೂತ್ರ ಎಷ್ಟು ಗಟ್ಟಿ ಎಂದು ಅಳೆಯುವ ಬೆರಳುದ್ದದ ಕೊಳವೆಯ ಗಾಜಿನ ಮೇಲೆ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಮತ್ತೆ ಒರೆಸಿ, ಇನ್ನೊಂದು ಹನಿ ಹಾಕಿ ನೋಡಿದರು. "ಗಟ್ಟಿ ಇದೆ. ಸೋತ ಕಿಡ್ನಿಗೆ ಇಷ್ಟು ಗಟ್ಟಿ ಮಾಡೋಕಾಗಲ್ಲ. ರಕ್ತ ತೆಗೀತೀನಿ, ಇರಿ. ಆದ್ರೆ ಈಗಲೇ ಖುಷಿ ಪಡ್ಬೇಡಿ ಸಿಸ್ಟರ್."

"ನಾನೆಲ್ಲಿ ಖುಷಿ ಪಟ್ಟೆ?" ಎಂದಳು ದೊಡ್ಡಮ್ಮ. ಅವಳ ಕಿವಿಗಳು ಕೆಂಪಾಗಿದ್ದವು.

ಮಾರನೆಯ ದಿನ ಮಧ್ಯಾಹ್ನ ಕ್ಲಿನಿಕ್ಕಿನಿಂದ ಫೋನು ಬಂದಾಗ ತಂಗಿಯ ಮಗಳು ಬ್ಯಾಂಕಿನ ಗುಮಾಸ್ತರೊಬ್ಬರಿಗೆ ಕಾರನ್ನು ಹಿಂದಕ್ಕೆ ತೆಗೆಯುವುದನ್ನು ಕಲಿಸುತ್ತಿದ್ದಳು. ಕಿವಿಗೆ ಫೋನ್ ಇಟ್ಟುಕೊಂಡು "ಎಷ್ಟು? ಇನ್ನೊಂದ್ಸಲ ಹೇಳಿ," ಎಂದವಳೇ ತನ್ನ ಕಾಲ ಕೆಳಗಿನ ಬ್ರೇಕನ್ನು ಜಪ್ಪಿಸಿ ಒತ್ತಿದಳು. ಕಾರು ಗಕ್ಕನೆ ನಿಂತಿತು.

"ನಾನೇನು ತಪ್ಪು ಮಾಡ್ದೆ ಮೇಡಂ?" ಗುಮಾಸ್ತರು ಬಿಳಿಚಿಕೊಂಡಿದ್ದರು.

"ಏನೂ ಇಲ್ಲ ಸಾರ್. ಒಂದು ಪಾಯಿಂಟ್ ಏಳು! ಎರಡರೊಳಗೆ ಬಂತು! ಹಾರ್ನ್ ಹೊಡೀರಿ."

"ಯಾರೂ ಅಡ್ಡ ಇಲ್ವಲ್ಲ?"

"ಸುಮ್ನೆ ಹೊಡೀರಿ ಅಂದ್ನಲ್ಲ!"

ಗುಮಾಸ್ತರು ಹೊಡೆದರು. ಖಾಲಿ ಮೈದಾನದಲ್ಲಿ ಅವಳು ಸಾಕು ಎನ್ನುವವರೆಗೂ ಹೊಡೆದರು.

ಆಪರೇಷನ್ ಎರಡು ದಿನ ಬಿಟ್ಟು ನಡೆಯಿತು. ಈ ಸಲ ಡಾಕ್ಟರು ಚೀಟಿಯ ಮೇಲೆ 'ನೀರು ಇರಲಿ' ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಆ ಬೆಳಿಗ್ಗೆ ದೊಡ್ಡಮ್ಮ ಮನೆಯ ಮೂರು ಕಡೆ ಬಟ್ಟಲು ಇಟ್ಟಿದ್ದಳು. ಥಿಯೇಟರಿನ ಬಾಗಿಲಿನ ಹೊರಗೆ ಕೂತು ಅಭ್ಯಾಸವಿಲ್ಲದ ಅವಳು ಒಂದೂವರೆ ಗಂಟೆ ಬೆಂಚಿನ ತುದಿಯಲ್ಲಿ ಕೈಚೀಲ ಹಿಡಿದು, ಒಳಗಿನ ಒಂದೊಂದು ಸದ್ದಿಗೂ ಈಗ ಏನು ಮಾಡುತ್ತಿದ್ದಾರೆ ಎಂದು ಪಿಸುಗುಟ್ಟಿ ತಂಗಿಯ ಮಗಳ ತಲೆ ತಿಂದಳು. ಕಡೆಗೆ ಒಳಗಿನಿಂದ ಕಾಂಪೌಂಡರ್ "ಅಯ್ಯಯ್ಯೋ" ಎಂದದ್ದು ಕೇಳಿಸಿತು. ದೊಡ್ಡಮ್ಮ ಎದ್ದು ನಿಂತಳು.

ಡಾಕ್ಟರು ಮಾಸ್ಕ್ ಇಳಿಸುತ್ತ ಹೊರಗೆ ಬಂದರು. "ಎದ್ದ ಸಿಸ್ಟರ್. ಎದ್ದವನೇ ಕಾಂಪೌಂಡರ್ ಕೈ ಪರಚಿದ. ನಾಲ್ಕು ಹಲ್ಲು ತೆಗೆದೆ, ಒಂದರ ಬುಡದಲ್ಲಿ ಬರೀ ಕೀವು. ಹತ್ತು ದಿನ ಅರೆದದ್ದು ಮಾತ್ರ ಕೊಡಿ, ಗಟ್ಟಿ ಪದಾರ್ಥ ಏನೂ ಬೇಡ."

"ಹತ್ತಲ್ಲ, ಹನ್ನೆರಡು ದಿನ ಕೊಡ್ತೀನಿ," ಎಂದಳು ದೊಡ್ಡಮ್ಮ.

ಆರನೆಯ ದಿನ ಅವಳು ಅಡುಗೆಮನೆಯಲ್ಲಿ ಸಣ್ಣ ಮೀನು ಕೊಯ್ಯುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಹೋಗಿ, ತಮ್ಮ ಮನೆಗೆ ತಪ್ಪಿ ಬಂದಿದ್ದ ಕಾಗದವನ್ನು ಪಕ್ಕದ ಮನೆಯವರಿಗೆ ಕೊಟ್ಟು ತಿರುಗಿ ಬಂದರೆ ತಟ್ಟೆಯಲ್ಲಿ ಒಂದು ಮೀನು ಕಡಿಮೆ. ನೆಲದ ಮೇಲೆ ನೀರಿನ ಗೆರೆ ಕೋಣೆಯ ಕಡೆಗೆ ಸಾಗಿತ್ತು. ಮಂಚದ ಕೆಳಗಿನಿಂದ ಸದ್ದು ಬರುತ್ತಿತ್ತು. ಕರ್‍ರ್, ಕರ್‍ರ್ ಎಂದು ಮುಳ್ಳು ಮುರಿಯುವ ಸದ್ದು, ನಡುವೆ ಗಂಟಲಿನ ಗುರುಗುರು.

"ದೊಡ್ಡಮ್ಮ, ಏನದು ಶಬ್ದ?" ಎಂದು ತಂಗಿಯ ಮಗಳು ಹೊರಗಿನಿಂದ ಕೂಗಿದಳು.

"ಏನಿಲ್ಲ. ನಿನ್ನ ಕೆಲಸ ನೋಡ್ಕೊ."

ಕೈಗೆ ಮೀನಿನ ಪೊರೆ ಅಂಟಿತ್ತು. ದೊಡ್ಡಮ್ಮ ಚಾಕು ಹಿಡಿದುಕೊಂಡೇ ಕೋಣೆಯ ಬಾಗಿಲಿಗೆ ಒರಗಿ, ಬಗ್ಗಿ ನೋಡದೆ, ಸದ್ದು ಪೂರ್ತಿ ನಿಲ್ಲುವವರೆಗೂ ಅಲ್ಲೇ ನಿಂತಿದ್ದಳು.