ಹೂಂಗುಟ್ಟಿದವಳು

ಗೋಣಿ ಇಷ್ಟು ಬೇಗ ಒಣಗಬಾರದಿತ್ತು, ನಿನ್ನೆ ಬೆಳಗ್ಗೆ ನೀರು ತೊಟ್ಟಿಕ್ಕುತ್ತಿದ್ದದ್ದು ಇವತ್ತು ಮೇಜಿನ ಮೇಲೆ ಹಪ್ಪಳದಂತೆ ಸೆಟೆದು ಕುಳಿತಿದೆ, ಅಕ್ಕಿಯ ಚೀಲದ ತುಂಡು, ಹಸಿರು ಅಕ್ಷರ ಅರ್ಧ ಮಾಸಿದ್ದು, ಸುತಳಿಯಿಂದ ಬಿಗಿದು ಕಟ್ಟಿದ್ದು, ಅದರೊಳಗಿನ ಬಾಟಲಿಯಲ್ಲಿ ಅರ್ಧಕ್ಕರ್ಧ ನೀರು — ಭರಮಣ್ಣ ಕುಡಿಯದೆ ಬಿಟ್ಟು ಹೋದ ನೀರು, ಇದನ್ನು ಚೆಲ್ಲುವುದೋ ಹಾಗೇ ಊರಿಗೆ ಕಳಿಸುವುದೋ, ಸತ್ತವನ ನೀರನ್ನು ವಿಮಾನಕ್ಕೆ ಹತ್ತಿಸುತ್ತಾರೋ ಇಲ್ಲವೋ, ನವ್ಯಶ್ರೀಗೆ ತಿಳಿಯದು, ರೋಹಿದಾಸ ಮಾಮ ಬೆಳಗ್ಗೆ ತಂದು ಇಟ್ಟು ಹೋದದ್ದು, ಅವನ ಸಾಮಾನು ಮಗಾ, ಏಣಿಯ ಬುಡದಲ್ಲಿ ಬಿದ್ದಿತ್ತು, ಉಳಿದದ್ದರ ಒಟ್ಟಿಗೆ ಕಟ್ಟಿಡು, ಎಂದು ಹೇಳಿ ಬಾಗಿಲ ಚೌಕಟ್ಟನ್ನು ಎರಡು ಸಲ ತಟ್ಟಿದರು, ಮಣಿಕಟ್ಟಿನ ಒಳಮೈಗೆ ಮುಖ ಮಾಡಿ ಕಟ್ಟಿದ ಅವರ ಗಡಿಯಾರ ಮಿಂಚಿತು, ಬಿಸಿಲಿಗೆ ಗಾಜು ಕಾಯುತ್ತದೆ ಅಂತ ಅವರು ಯಾವಾಗಲೂ ಹಾಗೇ ಕಟ್ಟುವುದು, ಮತ್ತೆ ಹೋದರು. ಬಾಟಲಿಯ ಪಕ್ಕದಲ್ಲಿ ಕಪ್ಪು ಪರದೆ, ಪರದೆಯ ಮೇಲೆ ಬಿಳಿ ಅಕ್ಷರದ ಸಾಲು, ಈ ಡಿಸ್ಕನ್ನು ಕೊನೆಯ ಸಲ ತೆರೆದ ಗಳಿಗೆ ಇನ್ನೂ ಬರಬೇಕಾಗಿದೆ ಎನ್ನುತ್ತಿದೆ ಯಂತ್ರ, ಅಂದರೆ ನಿನ್ನೆ ಎಂಬುದು ಇನ್ನೂ ಆಗಿಲ್ಲ, ಭರಮಣ್ಣ ಇನ್ನೂ ಏಣಿ ಹತ್ತಿಲ್ಲ, ಗೋಣಿ ಒದ್ದೆಯಾಗಿದೆ. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅದು ಮುದಿ ಯಂತ್ರದ ಮರೆವು, ಅಷ್ಟೆ, ಒಳಗಿನ ಗುಂಡಿಯಷ್ಟು ದೊಡ್ಡ ಬ್ಯಾಟರಿ ಯಾವತ್ತೋ ಸತ್ತಿದೆ, ಕರೆಂಟು ಹೋದಾಗಲೆಲ್ಲ ಅದರ ಗಡಿಯಾರ ಹಿಂದಕ್ಕೆ ಜಾರಿ ಯಾವುದೋ ಹಳೆಯ ವರ್ಷದ ಜನವರಿಗೆ ಹೋಗಿ ಕೂರುತ್ತದೆ, ನಿನ್ನೆ ಅವನನ್ನು ಮಾಡಿನಿಂದ ಇಳಿಸುವಾಗ ಯಾರೋ ಇಡೀ ಗೋದಾಮಿನ ಮೇನ್ ಸ್ವಿಚ್ ಎಳೆದರು, ಆಗ ನಿಂತದ್ದು ಇದು, ಮತ್ತೆ ಏಳಲಿಲ್ಲ.

ಅದೂ ಏಳಲಿಲ್ಲ ಅವನೂ ಏಳಲಿಲ್ಲ, ಆದರೆ ಅದನ್ನು ಎಬ್ಬಿಸಬೇಕು, ಸಂಜೆಗೆ ಇನ್‌ಸ್ಪೆಕ್ಟರ್ ಬರುವ ಮೊದಲು, ಯಾಕೆಂದರೆ ಯಾರ್ಡಿನ ಕ್ಯಾಮರಾ ನೋಡಿದ್ದೆಲ್ಲ ಇದರ ಹೊಟ್ಟೆಯಲ್ಲಿದೆ. ಜೂನಿನ ನಡುಹಗಲು, ಬಯಲಲ್ಲಿ ಕೆಲಸ ಮಾಡಬಾರದೆಂದು ಸರ್ಕಾರವೇ ಹೇಳಿದ ಹೊತ್ತು, ಕೊಲ್ಲಿ ನಾಡಿನ ಈ ಶುವೈಖಿನ ಗ್ಯಾರೇಜುಗಳೆಲ್ಲ ಶಟರು ಎಳೆದುಕೊಂಡು ಮಲಗುವ ಹೊತ್ತು, ಆ ಹೊತ್ತಿನಲ್ಲಿ ಭರಮಣ್ಣ ಕಾದ ತಗಡಿನ ಮಾಡು ಹತ್ತಿದ್ದ, ಅಲ್ಲೇ ಬಿಸಿಲಿಗೆ ಕುಸಿದಿದ್ದ, ರಬ್ಬರ್ ಸೀಲುಗಳನ್ನಿಟ್ಟ ಕೋಣೆಯ ಎಸಿ ಕೆಟ್ಟಿತ್ತು, ಹಡಗಿನ ಎಂಜಿನ್ನಿಗೆ ಹಾಕುವ ಸೀಲು, ಬಿಸಿ ತಾಗಿದರೆ ಮೆತ್ತಗಾಗುತ್ತದಂತೆ, ರಬ್ಬರಿಗೆ ಬಿಸಿ ತಾಗಬಾರದು. ತಾನಾಗಿಯೇ ಹತ್ತಿದ, ಯಾರನ್ನೂ ಕೇಳಲಿಲ್ಲ, ಅಂತ ಆಫೀಸಿನವರು ಬರೆಸಿದ್ದಾರೆ, ಮಾಮ ಹೂಂ ಎಂದಿದ್ದಾರೆ, ನಾನು ಮೆಸ್ಸಿನಲ್ಲಿ ಊಟಕ್ಕೆ ಕೂತಿದ್ದೆ, ಬೊಬ್ಬೆ ಕೇಳಿ ಬಂದದ್ದು, ಎಂದೂ ಹೇಳಿದ್ದಾರೆ. ಅನ್ನಪೂರ್ಣೆವ್ವ ಕಳಿಸಿದ ದನಿ ಫೋನಿನಲ್ಲಿದೆ, ಭರಮಣ್ಣನ ಹೆಂಡತಿ, ಬಾದಾಮಿ ಕಡೆಯವಳು, ಮುಖ ನೋಡಿದ್ದಿಲ್ಲ, ನಿನ್ನೆಯಿಂದ ನವ್ಯಶ್ರೀ ಅದನ್ನು ಎಷ್ಟು ಸಲ ಕೇಳಿದಳೋ, ತಂಗೀ, ಅವರು ತಾವಾಗೇ ಹತ್ತ್ಯಾರಂತ ಅಂತಾರ, ನನಗ ನಂಬಿಕಿ ಬರವಲ್ದು, ಹೇಳದ ಹೊರತು ಒಂದು ಮೊಳಿ ಬಡಿಯೂ ಮನಿಷಾ ಅಲ್ಲ ಅವರು, ಅಲ್ಲೇ ಕ್ಯಾಮರಾ ಐತಂತಲ್ಲ, ನೀ ಒಮ್ಮಿ ನೋಡಿ ಹೇಳವಾ, ಅವರಾಗೇ ಹತ್ತಿದ್ರ ಹತ್ತ್ಯಾರಂತ ಹೇಳು, ನಾ ಸುಮ್ಮನಾಕ್ಕೀನಿ. ಆಕೆ ಅಳುತ್ತಿರಲಿಲ್ಲ, ಹಿಂದೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಕಳಿಸಿದವರು ಯಾರು ಎಂದು ಕೇಳಿದರೆ ಯಾರ್ಡಿನಲ್ಲಿ ಹಾಗೆ ಕಳಿಸಬಲ್ಲವರು ಒಬ್ಬರೇ, ಸೂಪರ್‌ವೈಸರ್ ರೋಹಿದಾಸ ಮಾಮ, ಅಮ್ಮನ ತಮ್ಮ, ಇವಳಿಗೆ ವೀಸಾ ಮಾಡಿಸಿ ಕರೆತಂದವರು, ಮಹಬೂಲಾದ ಮನೆಯಲ್ಲಿ ಕಿಟಕಿ ಇರುವ ಕೋಣೆ ಇವಳಿಗೇ ಬಿಟ್ಟುಕೊಟ್ಟವರು, ವಾರಿಜಾ ಅತ್ತೆ ಇವತ್ತೂ ಡಬ್ಬಿಗೆ ನೀರುದೋಸೆ ಹಾಕಿದ್ದಾರೆ, ಮಾಮನಿಗೂ ಹಾಕಿದ್ದಾರೆ, ಮಾಮ ನಿನ್ನೆಯಿಂದ ಡಬ್ಬಿ ಬಿಚ್ಚಿಲ್ಲ. ಮಾಮ ಸುಳ್ಳು ಹೇಳುವವರಲ್ಲ, ತೆರೆದು ನೋಡಿದರೆ ಭರಮಣ್ಣ ಒಬ್ಬನೇ ನಡೆದು ಬಂದು, ಒಬ್ಬನೇ ಏಣಿ ಇಟ್ಟು, ಒಬ್ಬನೇ ಹತ್ತುವುದು ಕಾಣುತ್ತದೆ, ಕಾಣಲಿ, ದೇವರೇ ಹಾಗೇ ಕಾಣಲಿ — ಛೆ, ಇದೆಂಥ ಬೇಡಿಕೆ, ಯಾರಿಗಾಗಿ ಬೇಡುತ್ತಿದ್ದಾಳೆ.

ಫೋನು ನೋಡಿ ಇವತ್ತಿನ ತಾರೀಖು ಬೆರಳಿನಿಂದಲೇ ಒತ್ತಿ ಕೊಟ್ಟಳು, ಯಂತ್ರಕ್ಕೆ ನಿನ್ನೆ ನಿನ್ನೆಯಾಯಿತು, ಸಾಲು ಬದಲಾಯಿತು, ಈಗ ಬೇರೆ ತಕರಾರು, ಡಿಸ್ಕಿನ ಒಳಗೆಲ್ಲ ಕಲಸಿಹೋಗಿದೆ, ನಾನಾಗಿ ಸರಿಮಾಡಲಾರೆ, ಯಾರಾದರೂ ಎದುರಿಗೆ ಕುಳಿತು ಮಾಡಿಸಬೇಕು. ಇದಕ್ಕೆ ಲಿನಕ್ಸ್ ಹಾಕಿ ಬದುಕಿಸಿಟ್ಟದ್ದು ಕ್ಲೆಮೆಂಟ್, ಇಲ್ಲಿಯ ಕಂಪ್ಯೂಟರಿನ ಕೆಲಸವೆಲ್ಲ ನೋಡುತ್ತಿದ್ದವನು, ಅವನು ಕೆನಡಾಕ್ಕೆ ಹೋದ ಮೇಲೆ ಪಾಲಿಟೆಕ್ನಿಕ್ ಓದಿದವಳು ಒಬ್ಬಳೇ ಎಂಬ ತಪ್ಪಿಗೆ ಎಲ್ಲ ಇವಳ ತಲೆಗೆ ಬಂತು, ಬೆಳಗ್ಗೆ ಅವನಿಗೆ ಫೋನು ಮಾಡಿದಾಗ ಅಲ್ಲಿ ಹಾಸಿಗೆಯಿಂದ ಎದ್ದು ಹೇಳಿದ್ದ, ನೋಡು ಮಾರಾಯ್ತಿ, ಅದು ಒಂದೊಂದೇ ಕೇಳ್ತದೆ, ಇದನ್ನು ಸರಿಮಾಡಲಾ, ಇದನ್ನು ಅಳಿಸಲಾ ಅಂತ, ನೀನು ಓದಿ ಓದಿ ಹೌದಾದರೆ ವೈ ಒತ್ತು, ನಿದ್ದೆಯಲ್ಲಿ ಒತ್ತಬೇಡ, ಒಮ್ಮೆ ಅಳಿಸಲಿ ಅಂದರೆ ಖಲಾಸ್, ನಾನು ಬಂದರೂ ಸಿಗುವುದಿಲ್ಲ, ಬೇರೆ ಡಿಸ್ಕ್ ಉಂಟಾ ಕಾಪಿ ತೆಗೆಯಲಿಕ್ಕೆ, ಇಲ್ಲವಾ, ಹಾಗಾದರೆ ನಿನ್ನ ಪುಣ್ಯ. ಓದುತ್ತಾಳೆ. ಒಂದು ಹಾದಿ ಎಲ್ಲಿಗೂ ಹೋಗುವುದಿಲ್ಲ, ಸರಿಮಾಡಲೇ. ವೈ. ಎರಡು ಕಡತ ಒಂದೇ ಜಾಗವನ್ನು ತನ್ನದೆನ್ನುತ್ತಿವೆ, ಬೇರೆ ಮಾಡಲೇ. ವೈ. ಈ ಕಡತಕ್ಕೆ ತಂದೆ ಯಾರೆಂದು ತಿಳಿಯದು, ಅನಾಥರ ಕೋಣೆಗೆ ಸೇರಿಸಲೇ. ವೈ. ಎಸಿ ಗುಂಯ್ ಎನ್ನುತ್ತಿದೆ, ಈ ಕೋಣೆಯ ಎಸಿ ಚೆನ್ನಾಗಿದೆ, ಇದನ್ನು ಸರಿಮಾಡಿದ್ದೂ ಭರಮಣ್ಣನೇ, ಸ್ಟೂಲಿನ ಮೇಲೆ ನಿಂತು, ಕೆಳಗಿಳಿದು ಗೋಣಿಯ ಬಾಟಲಿ ಎತ್ತಿ, ಬೊಗಸಿ ಹಿಡಿ ಯವ್ವಾ ಎಂದಿದ್ದ, ಫ್ರಿಜ್ಜಿನ ನೀರು ಗಂಟಲಾ ಕೆಡಸ್ತೈತಿ, ಊರಾಗ ಹೊಲಕ್ಕ ಹೋಗುವಾಗ ತತ್ರಾಣಿ ಒಯ್ಯೂದು, ಮಣ್ಣಿಂದು, ಇಲ್ಲಿ ತತ್ರಾಣಿ ಯಾವ ಶೇಖ ಕೊಡ್ತಾನ. ಬಾಟಲಿಯನ್ನು ಮಾತ್ರ ಯಾರ ಕೈಗೂ ಕೊಟ್ಟವನಲ್ಲ, ಎತ್ತರದಿಂದ ತಾನೇ ಸುರಿಯಬೇಕು, ಮಂದಿ ಕೈಶಾಖಕ್ಕ ಗೋಣಿ ಒಣಗತೈತಿ ನೋಡು ಎನ್ನುತ್ತಿದ್ದ, ಡ್ರೈವರುಗಳು ಚುಡಾಯಿಸುತ್ತಿದ್ದರು, ಏ ಭಾಯಿ, ಅದನ್ನು ಮದುವೆಯಾಗಿದ್ದೀಯಾ, ಹೌದಪಾ, ಇದು ಸಣ್ಣಾಕಿ, ದೊಡ್ಡಾಕಿ ಊರಾಗದಾಳ.

ವೈ, ವೈ, ಪ್ರಶ್ನೆ ಬರುತ್ತಲೇ ಇದೆ, ಎಲ್ಲ ಒಂದೇ ಥರ, ಅಂಕಿ ಮಾತ್ರ ಬೇರೆ, ವೈ, ಅಜ್ಜಿಯ ಪಕ್ಕದಲ್ಲಿ ಮಲಗಿ ಹೂಂಗುಟ್ಟಿದ ಹಾಗೆ. ಅಜ್ಜಿಗೆ ಅದು ಕಟ್ಟುನಿಟ್ಟು, ಒಂದು ಮಾತಿಗೆ ಒಂದು ಹೂಂ, ಹೂಂ ನಿಂತರೆ ಕಥೆ ಅಲ್ಲಿಗೇ ನಿಂತಿತು, ಹೂಂ ಇಲ್ಲದ ಕಥೆಯನ್ನು ಮಾಡಿನ ಮೇಲೆ ಕೂತ ಕುಲೆ ಕೇಳಿಸಿಕೊಳ್ಳುತ್ತದೆ, ಕುಲೆ ಅಂದರೆ ಸತ್ತೂ ಹೋಗಲಾರದೆ ಉಳಿದದ್ದು, ಅದಕ್ಕೇ ಹೂಂ ಹಾಕು. ಒಂದು ಊರಲ್ಲಿ ಒಬ್ಬಳು ಹುಡುಗಿ, ಹೂಂ, ತೊಟ್ಟಿಲಲ್ಲಿ ತಮ್ಮನನ್ನು ಮಲಗಿಸಿ ತೂಗುತ್ತಿದ್ದಳು, ಹೂಂ, ತೂಗಿ ತೂಗಿ ಅವಳಿಗೇ ನಿದ್ದೆ ಬಂತು, ಹೂಂ, ಹೊಸ್ತಿಲಾಚೆ ಕುಲೆ ಬಂದು ನಿಂತಿತು, ಕುಲೆಗೆ ಕೇಳದೆ ಒಳಗಿನದು ಮುಟ್ಟುವ ಹಾಗಿಲ್ಲ, ಹೂಂ, ಅಕ್ಕಿ ಗೇರುವ ಗೆರಸಿ ಒಯ್ಯಲಾ ಮಗಾ ಎಂದಿತು, ಇವಳು ಕಥೆಯೆಂದುಕೊಂಡು ಹೂಂ ಎಂದಳು, ಭತ್ತ ಅಳೆಯುವ ಕಳಸಿಗೆ ಒಯ್ಯಲಾ ಮಗಾ, ಹೂಂ, ದೀಪ ಒಯ್ಯಲಾ ಮಗಾ, ಹೂಂ, ತೊಟ್ಟಿಲಲ್ಲಿ ಇರುವುದನ್ನು ಒಯ್ಯಲಾ ಮಗಾ — ಆಮೇಲೆ ಏನಾಯಿತು ನವ್ಯಶ್ರೀಗೆ ಗೊತ್ತಿಲ್ಲ, ಅಷ್ಟು ಹೊತ್ತಿಗೆ ಯಾವತ್ತೂ ಇವಳ ಹೂಂ ನಿಂತುಹೋಗುತ್ತಿತ್ತು, ಅಜ್ಜಿ ಕಥೆ ನಿಲ್ಲಿಸಿ ಹೊದಿಕೆ ಎಳೆಯುತ್ತಿದ್ದಳು, ಬೆಳಗ್ಗೆ ಕೇಳಿದರೆ ಹಗಲು ಕಥೆ ಹೇಳಬಾರದು ಮಗಾ ಎನ್ನುತ್ತಿದ್ದಳು, ಅಜ್ಜಿ ಹೋಗಿಯೂ ಆಯಿತು, ತಮ್ಮ ಇನ್ನೂ ತೊಟ್ಟಿಲಲ್ಲೇ ಇದ್ದಾನೆ. ವೈ, ವೈ, ಬೆರಳಿಗೆ ಈಗ ತಾಳ ಸಿಕ್ಕಿದೆ, ತೂಗುವ ತಾಳ, ಅಳಿಸಲೇ, ವೈ, ಅಳಿಸಲೇ, ವೈ, ಪರದೆ ಮೇಲಕ್ಕೆ ಹರಿಯುತ್ತಿದೆ, ಯಾರ್ಡು ಹತ್ತು ಎಂಬ ಕಡತ ಸರಿಯಿದೆ, ವೈ, ಯಾರ್ಡು ಹನ್ನೊಂದು ಸರಿಯಿದೆ, ವೈ, ಯಾರ್ಡು ಹನ್ನೆರಡು ಎಂಬ ಹೆಸರಿದೆ, ಅದರೊಳಗಿನದು ಪೂರ್ತಿ ಬರೆದು ಮುಗಿದಿರಲಿಲ್ಲ, ಅಳಿಸಲೇ, ವೈ —

ಕೈ ಗಾಳಿಯಲ್ಲಿ ನಿಂತಿತು. ಆ ಸಾಲು ಆಗಲೇ ಮೇಲೆ ಹೋಗಿತ್ತು, ಅದರ ಪಕ್ಕದಲ್ಲಿ ಅಚ್ಚುಕಟ್ಟಾಗಿ ಒಂದು ಹೌದು ಕುಳಿತಿತ್ತು, ಇವಳದೇ ಹೌದು. ಹನ್ನೆರಡು, ಅಂದರೆ ಆ ಗಂಟೆ, ಇಡೀ ಗಂಟೆ, ಅವನು ನಡೆದು ಬಂದದ್ದು, ಏಣಿ, ಮಾಡು, ಬಿದ್ದದ್ದು. ಓದಿ ಓದಿ ಒತ್ತು ಮಾರಾಯ್ತಿ. ಓದಿದ್ದಳು, ಓದಿರಲಿಲ್ಲವೇ, ಕಣ್ಣು ಓದಿತ್ತು, ಬೆರಳು ಕಾಯಲಿಲ್ಲ, ಅಥವಾ ಬೆರಳಿಗೆ ಮೊದಲೇ ತಿಳಿದಿತ್ತೋ, ದೇವರೇ ಹಾಗೇ ಕಾಣಲಿ ಎಂದದ್ದು ಯಾರು, ಏನೂ ಕಾಣದಿದ್ದರೆ ಇನ್ನೂ ಒಳ್ಳೆಯದು ಎಂದು ಬೆರಳು ಹೂಂಗುಟ್ಟಿತೋ, ಇಲ್ಲ, ಹಾಗಲ್ಲ, ಬರೀ ಅಭ್ಯಾಸ, ಅನ್ನಪೂರ್ಣೆವ್ವನಿಗೆ ಏನೆಂದು ಹೇಳುವುದು, ಅಕ್ಕಾ, ಚಿಕ್ಕವಳಿರುವಾಗ ನಮ್ಮಜ್ಜಿ ಕಥೆ ಹೇಳುತ್ತಿದ್ದರು ಅನ್ನುವುದೇ. ಯಂತ್ರಕ್ಕೆ ಇನ್ನು ಕೇಳುವುದು ಉಳಿದಿರಲಿಲ್ಲ, ತೃಪ್ತಿಯಿಂದ ಎದ್ದಿತು, ನೀಲಿ ಪರದೆ, ಕ್ಲೆಮೆಂಟ್ ಹಾಕಿಟ್ಟ ಪಣಂಬೂರು ಕಡಲಿನ ಚಿತ್ರ, ಏನೂ ಆಗದ ಹಾಗೆ. ನಿನ್ನೆಯ ತಾರೀಖು ತೆರೆದಳು, ಹತ್ತು ಇದೆ, ಖಾಲಿ ಯಾರ್ಡಿನಲ್ಲಿ ಫೋರ್ಕ್‌ಲಿಫ್ಟು ಹಿಂದೆ ಮುಂದೆ ಹೋಗುತ್ತಿದೆ, ಹನ್ನೊಂದು ಇದೆ, ಎಲ್ಲರೂ ನೆರಳಿಗೆ ಸರಿಯುತ್ತಿದ್ದಾರೆ, ಭರಮಣ್ಣ ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಗೋಣಿಗೆ ನೀರು ಹನಿಸುತ್ತಿದ್ದಾನೆ, ಮಗುವಿನ ತಲೆಗೆ ಎಣ್ಣೆ ತಟ್ಟುವ ಹಾಗೆ ತಟ್ಟುತ್ತಿದ್ದಾನೆ, ಬದುಕಿದ್ದಾನೆ, ಹನ್ನೆರಡು ಇಲ್ಲ. ಹನ್ನೆರಡರ ಜಾಗದಲ್ಲಿ ಏನೂ ಇಲ್ಲ. ಪ್ರತಿ ಗಂಟೆಗೂ ಒಂದು ಪುಟ್ಟ ಚಿತ್ರ ತೆಗೆದು ಬೇರೆ ಕಡೆ ಇಡುತ್ತದೆ ಇದು, ಅಂಚೆಚೀಟಿಯಷ್ಟು, ಕಡತ ಹುಡುಕಲು ಸುಲಭವಾಗಲಿ ಅಂತ, ಅದು ಉಳಿದಿರುತ್ತದೋ, ಉಳಿದಿರಬಾರದು, ಉಳಿದಿರಲಿ, ನೋಡಿದಳು, ಉಳಿದಿತ್ತು.

ದೊಡ್ಡದು ಮಾಡಿದರೆ ಬರೀ ಚೌಕ ಚೌಕ, ಮೇಲಿನ ಅರ್ಧ ಬೂದಿ ಬಣ್ಣ, ಮಾಡು ಇಲ್ಲ, ಮುಖ ಯಾವುದೂ ಇಲ್ಲ, ಏಣಿಯ ನಡುವಿನ ಮೆಟ್ಟಿಲಲ್ಲಿ ಎರಡು ಕಾಲು, ಭರಮಣ್ಣನ ಹರಿದ ಬೂಟು, ಅವನು ಹತ್ತುತ್ತಿದ್ದಾನೆ, ಕೆಳಗೆ ಇನ್ನೊಬ್ಬ ನಿಂತಿದ್ದಾನೆ, ಎದೆಯವರೆಗೆ ಕಾಣುತ್ತಾನೆ, ಒಂದು ಕೈಯಿಂದ ಏಣಿ ಅಲುಗದಂತೆ ಹಿಡಿದಿದ್ದಾನೆ, ಅವನ ಇನ್ನೊಂದು ಕೈ — ಆಯಿತಾ ಮಗಾ. ಮಾಮ ಬಾಗಿಲಲ್ಲಿ ನಿಂತಿದ್ದಾರೆ, ಪರದೆ ಗೋಡೆಯ ಕಡೆಗಿದೆ, ಅವರಿಗೆ ಕಾಣದು, ಕಣ್ಣ ಕೆಳಗೆ ಕಪ್ಪಾಗಿದೆ, ಒಂದೇ ದಿನಕ್ಕೆ ಮುದುಕರಾದಂತಿದ್ದಾರೆ, ಊಟ ಮಾಡಲಿಲ್ಲವಾ ಎಂದು ಇವಳನ್ನೇ ಕೇಳುತ್ತಾರೆ, ಅತ್ತೆ ಬೈತಾಳೆ ಮತ್ತೆ, ಅದು ಹಳೇ ಡಬ್ಬ, ನಿನ್ನ ಕೈಯಲ್ಲಿ ಎಂತ ಆಗ್ತದೆ, ಹಾಳಾಗಿದ್ದರೆ ಹಾಳಾಯಿತು ಅಂತ ಹೇಳುವ, ಇನ್‌ಸ್ಪೆಕ್ಟರರೂ ಹೂಂ ಅಂತಾರೆ, ನಾವು ಹುಟ್ಟಿಸಿ ಹೇಳಿದ್ದಲ್ಲವಲ್ಲ, ಏನೂ ಸಿಗಲಿಲ್ಲ ಅಂತ ಹೇಳಿದರಾಯಿತು, ಹೂಂ? ಚೌಕಟ್ಟಿನ ಮೇಲೆ ಕೈ, ಒಳಮೈಯಲ್ಲಿ ಗಡಿಯಾರ. ಚಿತ್ರದ ಕೈಯಲ್ಲೂ ಒಳಮೈಯಲ್ಲಿ ಬಿಳಿಯ ಒಂದು ಚುಕ್ಕೆ, ಬಿಸಿಲು ಬಿದ್ದ ಗಾಜು. ಬಾಟಲಿಯನ್ನು ಯಾರ ಕೈಗೂ ಕೊಡದವನು ಆ ಕೈಗೆ ಕೊಟ್ಟಿದ್ದ, ಹಿಡಿರಿ, ಇಳಿದು ಬಂದು ಕುಡೀತೀನಿ, ಎಂದಿದ್ದಾನು, ಇಳಿಯುವವರೆಗೂ ಇವರು ಕೆಳಗೇ ನಿಂತಿರುತ್ತಾರೆ ಎಂದು ನಂಬಿದವನು. ಹೂಂ ಅನ್ನು ಮಗಾ, ಮಾಮ ಕಾಯುತ್ತಿದ್ದಾರೆ, ಒಂದು ಮಾತಿಗೆ ಒಂದು ಹೂಂ, ಮೇಜಿನ ಮೇಲೆ ಒಣಗಿದ ಗೋಣಿ, ಪರದೆಯ ಮೇಲೆ ಒದ್ದೆ ಗೋಣಿ, ಈಗಷ್ಟೇ ನೆನೆಸಿದ್ದು, ಕಪ್ಪಗೆ ಒದ್ದೆ, ಅದನ್ನು ಹಿಡಿದ ಬೆರಳುಗಳು, ಬೆರಳುಗಳ ಕೆಳಗೆ ಸುತಳಿಯ ತುದಿ, ಸುತಳಿಯ ತುದಿಯಲ್ಲಿ ಹೊಳೆವ ಒಂದೇ ಚೌಕ, ಇನ್ನೂ ಬೀಳದ ಒಂದು ಹನಿ, ಒದ್ದೆ ಗೋಣಿ, ಆ ಹನಿ