ಡಬ್ಬಿಯಲ್ಲಿ ಉಳಿದ ಹಾಗಲಕಾಯಿ

ತಮಗೆ ಹೊಟ್ಟೆಯ ಕ್ಯಾನ್ಸರ್ ಆಗಿದೆ ಎಂದು ನಮ್ಮ ಮನೆಯವರು ಮೊಬೈಲ್ ನೋಡಿಯೇ ತೀರ್ಮಾನಿಸಿಬಿಟ್ಟಿದ್ದರು. ಮುಂದೆ ನನಗೆ ಕಷ್ಟವಾಗಬಾರದೆಂದು ಗ್ಯಾಸ್ ಸಿಲಿಂಡರ್ ಬುಕ್ ಮಾಡುವುದನ್ನು ಕಲಿಸತೊಡಗಿದರು. ಹದಿನಾಲ್ಕು ವರ್ಷಗಳಿಂದ ಅದನ್ನು ಮಾಡುತ್ತಿರುವವಳು ನಾನು! ಅವರೆದುರು ನಕ್ಕೆ, ಆಮೇಲೆ ಒಲೆಯ ಮುಂದೆ ನಿಂತು ಅತ್ತೆ.

ಐದು ವರ್ಷಗಳಿಂದ ನಮ್ಮ ಮನೆಯವರು ಶಶಿಕಾಂತರಿಗೆ ಹೊಟ್ಟೆ ನುಲಿತ, ಬೆಳಿಗ್ಗೆ ಮೂರು ಮೂರು ಸಲ ಸಂಡಾಸ. ಕಳೆದ ಒಂದು ವರ್ಷದಲ್ಲಿ ಆರು ಕಿಲೋ ಇಳಿದಿದ್ದರು. ಕೊನೆಗೆ ನಾನೇ ಡೊಂಬಿವಲಿಯ ಡಾಕ್ಟರ್ ಅನಘ ಅವರಲ್ಲಿಗೆ ಎಳೆದುಕೊಂಡು ಹೋದೆ. ಅವರು ಇಲ್ಲೇ ಹುಟ್ಟಿದವರು, ಉಡುಪಿ ಕಡೆಯ ಹೋಟೆಲಿನವರ ಮಗಳು.

“ಫೈಲ್ ಆಮೇಲೆ ನೋಡುವ. ಮೊದಲು ನೀವು ಹೇಳಿ. ರಾತ್ರಿ ನೋವು ನಿದ್ದೆಯಿಂದ ಎಬ್ಬಿಸ್ತದಾ?” ಎಂದರು ಡಾಕ್ಟರ್.

“ಇಲ್ರಿ. ಮಲಗಿದ್ರ ಮುಂಜಾನಿಮಟ ಎಚ್ಚರಿಲ್ಲ.”

“ಗೊರಕಿ ಬ್ಯಾರೆ,” ಎಂದೆ ನಾನು.

ರಕ್ತ ಹೋಗುತ್ತದೆಯೇ, ಜ್ವರ ಬರುತ್ತದೆಯೇ, ಮನೆತನದಲ್ಲಿ ಯಾರಿಗಾದರೂ ಕರುಳಿನ ಕಾಯಿಲೆಯೇ? ಎಲ್ಲಕ್ಕೂ ಇಲ್ಲ. ಸಂಡಾಸಿಗೆ ಹೋಗಿ ಬಂದರೆ ನೋವು ಇಳಿಯುತ್ತದೆ.

“ಆದಿತ್ಯವಾರ ಹೇಗೆ?”

ನಾನೇ ಹೇಳಿದೆ: “ಐತವಾರ ಏನೂ ಇಲ್ರಿ. ವಿಠ್ಠಲವಾಡಿಗೆ ನನ್ನ ತಮ್ಮನ ಮನಿಗೆ ಹೋಗಿ ಕೆಂಪ ಖಾರದ ಜೋಡಿ ನಾಕ ರೊಟ್ಟಿ ಬಾರಸ್ತಾರ.”

ಬರೆಯುತ್ತಿದ್ದ ಡಾಕ್ಟರ್ ಪೆನ್ನು ನಿಲ್ಲಿಸಿದರು. “ನೀವು ಹೇಳಿದ ಈ ಆರು ಕಿಲೋ ಇಳಿದದ್ದು ಮಾತ್ರ ನನಗೆ ಸರಿ ಕಾಣುದಿಲ್ಲ. ಚೆನ್ನಾಗಿ ಊಟ ಮಾಡಿಯೂ ತೂಕ ಇಳಿದ್ರೆ ಒಳಗೆ ಹುಡುಕಬೇಕಾಗ್ತದೆ. ಮಧ್ಯಾಹ್ನ ಎಂತ ತಿಂತಾರೆ?”

“ನಾ ಕಟ್ಟಿದ ಡಬ್ಬಿ ರಿ. ಒಂದು ಅಗಳೂ ಬಿಡಂಗಿಲ್ಲ. ಮೊದಲ ಹಾಗಲಕಾಯಿ ಮುಟ್ಟತಿರಲಿಲ್ಲ, ಈಗ ಅದೂ ಖಾಲಿ.”

ಡಾಕ್ಟರ್ ಇವರ ಕಡೆ ತಿರುಗಿದರು. ನಮ್ಮ ಮನೆಯವರು ನೆಲ ನೋಡುತ್ತ, “ದೇವದಾಸ್ ತಿಂತಾನ್ರಿ,” ಎಂದರು.

ದೇವದಾಸ್ ಆಫೀಸಿನಲ್ಲಿ ಪಕ್ಕದ ಮೇಜಿನವನು. ಇವರು ಆಫೀಸಿಗೆ ಹೋಗಿಬರುವುದು ಕಾಲಿಡಲು ಜಾಗವಿಲ್ಲದ, ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲದ ಫಾಸ್ಟ್ ಲೋಕಲ್ ರೈಲಿನಲ್ಲಿ, ಅದರಲ್ಲಿ ಸಂಡಾಸವಿಲ್ಲ. ಘಾಟ್ಕೋಪರ್ ಸ್ಟೇಷನ್ ದಾಟಿದ ಮೇಲೆ ಹೊಟ್ಟೆ ಕೆಟ್ಟರೆ ಗತಿಯೇನು? ಆ ಹೆದರಿಕೆಗೆ ಒಂದು ವರ್ಷದಿಂದ ಇವರು ಬೆಳಗಿನ ಚಹಾ ಬಿಟ್ಟರೆ ಸಂಜೆ ಡೊಂಬಿವಲಿಯಲ್ಲಿ ಇಳಿಯುವತನಕ ಏನೂ ತಿನ್ನುತ್ತಿರಲಿಲ್ಲ. ನನಗೆ ಬೇಸರವಾಗಬಾರದೆಂದು ಡಬ್ಬಿ ಮಾತ್ರ ಖಾಲಿ ತರುತ್ತಿದ್ದರು. ಗಣಪತಿ ಹಬ್ಬಕ್ಕೆ ನಮ್ಮ ಮನೆಗೆ ಬಂದಿದ್ದ ದೇವದಾಸನ ಹೊಟ್ಟೆ ನೆನಪಾಯಿತು. ಆರು ಕಿಲೋ ಅಲ್ಲಿ ಕೂತಿತ್ತು.

“ಐದಕ್ಕೆದ್ದು ಒಂದ ವರ್ಷ ನಾ ಅವಗ ರೊಟ್ಟಿ ಬಡದೇನ?” ಎಂದು ಅಲ್ಲೇ ಕೂಗಿದೆ.

ಡಾಕ್ಟರ್ ಬಾಯಿಗೆ ಕೈಯಿಟ್ಟು ನಕ್ಕರು. “ರಕ್ತ, ಮಲ ಒಮ್ಮೆ ಪರೀಕ್ಷೆ ಮಾಡುವ. ಆದ್ರೆ ನೀವಿಬ್ಬರು ಹೇಳಿದ್ದು ಕೇಳಿದ್ರೆ ಇದು ಐಬಿಎಸ್. ನೋವು ನಿಜವೇ, ನಾಟಕ ಅಲ್ಲ. ಕರುಳು ಬೇಗ ಕೆರಳ್ತದೆ, ಅಷ್ಟೆ. ತೂಕ ಇಳಿದದ್ದು ಉಪವಾಸದಿಂದ. ಊಟ ಮಾಡಿ, ಸ್ವಲ್ಪ ದಿನ ಸ್ಲೋ ಲೋಕಲಿನಲ್ಲಿ ಹೋಗಿ ಬನ್ನಿ. ಬೇಕಾದ ಸ್ಟೇಷನ್ನಿನಲ್ಲಿ ಇಳಿಬಹುದು.”

ರಿಪೋರ್ಟುಗಳಲ್ಲಿ ಏನೂ ಸಿಗಲಿಲ್ಲ. ಮೊದಲ ವಾರ ಒಮ್ಮೆ ಮುಲುಂಡಿನಲ್ಲಿ ಇಳಿದರಂತೆ, ಎರಡನೆಯ ವಾರ ಎಲ್ಲೂ ಇಲ್ಲ.

ಮೊನ್ನೆ ಗುರುವಾರ ಬೇಕೆಂದೇ ಹಾಗಲಕಾಯಿ ಪಲ್ಯ ಕಟ್ಟಿದೆ. ಸಂಜೆ ಅವರು ಬೂಟು ಬಿಚ್ಚುವ ಮೊದಲೇ ಡಬ್ಬಿ ಕಸಿದು ತೆಗೆದೆ. ರೊಟ್ಟಿ ಖಾಲಿ, ಬೇಳೆ ಖಾಲಿ. ಪಲ್ಯ ಮಾತ್ರ ಹಾಕಿದ್ದು ಹಾಕಿದಂತೆಯೇ ಇತ್ತು.

“ಹಾಗಲಕಾಯಿ ಯಾಕ ಹಾಕ್ತಿ? ನನಗ ಸೇರಂಗಿಲ್ಲ ಅಂತ ಗೊತ್ತಿಲ್ಲೇನು?” ಎಂದು ರೇಗಿದರು.

ಬೈಸಿಕೊಂಡು ಇಷ್ಟು ಖುಷಿಯಾದದ್ದು ನನಗೆ ಅದೇ ಮೊದಲು. ಪಲ್ಯವನ್ನೆಲ್ಲ ನಿಂತಲ್ಲೇ ನಾನೇ ತಿಂದು ಮುಗಿಸಿದೆ.